ಎಂಸಿಎ ಕಳೆದುಕೊಂಡ ಮೊದಲ ವರ್ಷ

ಮೈಸೂರು, 16 ನವೆಂಬರ್ 2025, ಭಾನುವಾರ

ನಮ್ಮ ಕಾಲೇಜಿನಲ್ಲಿ ಈ ಸಾಲಿನ ಎಂಸಿಎ (ಕಂಪ್ಯೂಟರ್ ಅಪ್ಲಿಕೇಷನ್ಸ್ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳಿಗೆ ಬ್ರಿಡ್ಜ್ ಕೋರ್ಸ್, ಅಂದರೆ ಮೂಲಪಾಠಗಳ ಹೆಚ್ಚುವರಿ ತರಗತಿ, ನಡೆಯುತ್ತಿದೆ. ಪದವಿಯಲ್ಲಿ ಕಂಪ್ಯೂಟರ್ ಓದದೆ ಬಂದವರು ಮಾತ್ರ ಇದಕ್ಕೆ ಕೂರಬೇಕು. ಅವರಲ್ಲಿ ಹೆಚ್ಚಿನವರು ಬಿ.ಕಾಂ. ಮುಗಿಸಿದವರು, ಕೆಲವರು ಭೌತಶಾಸ್ತ್ರ, ಗಣಿತ ಓದಿದವರು. ಇವರ ನಡುವೆ ಪಿಯುಸಿಯಲ್ಲಿ ವಿಜ್ಞಾನ ಓದಿ ಆಮೇಲೆ ಮನಸ್ಸು ಬದಲಾಯಿಸಿ ಕನ್ನಡ ಐಚ್ಛಿಕದೊಂದಿಗೆ ಬಿ.ಎ. ಮಾಡಿದ ಒಬ್ಬ ಹುಡುಗಿಯೂ ಇದ್ದಾಳೆ. ಬೆಳಗಿನ ಹೊತ್ತು ಇವರೆಲ್ಲರೂ ಬಿಸಿಎ, ಅಂದರೆ ಕಂಪ್ಯೂಟರ್ ಪದವಿ, ಮಾಡಿ ಬಂದವರ ಪಕ್ಕದಲ್ಲಿ ಕುಳಿತು ಡೇಟಾ ಸ್ಟ್ರಕ್ಚರ್ಸ್ (ದತ್ತಾಂಶವನ್ನು ಜೋಡಿಸಿಡುವ ವಿಧಾನಗಳು) ಪಾಠ ಕೇಳುತ್ತಾರೆ, ಸಂಜೆ ನನ್ನ ತರಗತಿಗೆ ಬಂದು, ಪ್ರೋಗ್ರಾಮಿಂಗಿನ ಮೊದಲ ಪಾಠವಾದ, ಬೆಲೆಯನ್ನು ಹಿಡಿದಿಡುವ ವೇರಿಯಬಲ್ ಎಂದರೇನು ಎಂಬುದನ್ನು ಕಲಿಯುತ್ತಾರೆ. ಈ ತಲೆಕೆಳಗಾದ ಕ್ರಮಕ್ಕೆ ಯಾರೊಬ್ಬರ ಅಸಡ್ಡೆ ಕಾರಣವಲ್ಲ. ಕೋರ್ಸಿನ ಅವಧಿಯೇ ಹಾಗೆ ಕುಗ್ಗಿಹೋಗಿದೆ.

ನಾನು ಎಂಸಿಎ ಓದುವಾಗ ಅದು ಮೂರು ವರ್ಷಗಳ, ಆರು ಸೆಮಿಸ್ಟರುಗಳ ಕೋರ್ಸಾಗಿತ್ತು. ಮೊದಲ ವರ್ಷವಿಡೀ ಪ್ರೋಗ್ರಾಮಿಂಗಿನ ಮೂಲಪಾಠ, ಡಿಸ್ಕ್ರೀಟ್ ಗಣಿತ (ಗಣ, ತರ್ಕ, ಎಣಿಕೆಗಳ ಗಣಿತ), ಕಂಪ್ಯೂಟರಿನ ಒಳರಚನೆ ಇವುಗಳಲ್ಲೇ ಕಳೆಯುತ್ತಿತ್ತು. ಬೇರೆ ಶಾಸ್ತ್ರ ಓದಿ ಬಂದವರನ್ನು ಈ ಶಾಸ್ತ್ರಕ್ಕೆ ಒಗ್ಗಿಸುವ ವರ್ಷವೇ ಅದು. ಅನಂತರ ಬಿಸಿಎ ಪದವೀಧರರ ಸಂಖ್ಯೆ ಹೆಚ್ಚಿದಾಗ ಅವರಿಗೆ ಆ ವರ್ಷ ಬೇಕಿಲ್ಲವೆಂದು ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿ ಬಂತು, ಅದು ನ್ಯಾಯವೂ ಆಗಿತ್ತು. 2020–21ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ಕೋರ್ಸನ್ನೇ ಎರಡು ವರ್ಷಕ್ಕೆ ಇಳಿಸಿತು. ಲ್ಯಾಟರಲ್ ಎಂಟ್ರಿಯವರು ನಡೆಯುತ್ತಿದ್ದ ದಾರಿಯೇ ಎಲ್ಲರ ದಾರಿಯಾಯಿತು, ಹಳೆಯ ಮೊದಲ ವರ್ಷ ಮಾಯವಾಯಿತು. ಆದರೂ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದರೆ ಬಿ.ಎಸ್ಸಿ., ಬಿ.ಕಾಂ., ಬಿ.ಎ. ಪದವೀಧರರೂ ಸೇರಬಹುದೆಂಬ ನಿಯಮ ಉಳಿದುಕೊಂಡಿದೆ. ಅದರ ಜೊತೆಗೆ, ವಿಶ್ವವಿದ್ಯಾನಿಲಯ ಗೊತ್ತುಪಡಿಸಿದ ಹೆಚ್ಚುವರಿ ಬ್ರಿಡ್ಜ್ ಕೋರ್ಸ್ ಮಾಡಬೇಕೆಂಬ ಷರತ್ತು ಸೇರಿಕೊಂಡಿದೆ. ಒಂದು ವರ್ಷ ಹೊರುತ್ತಿದ್ದ ಭಾರವನ್ನು ಈಗ ಕೆಲವು ವಾರಗಳ ಸಂಜೆ ತರಗತಿಗಳು ಹೊರಬೇಕಾಗಿದೆ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತಾರೆಂದು ನೋಡಿದರೆ ನಮ್ಮಲ್ಲಿ ಎಲ್ಲಿ ಎಡವಟ್ಟಾಗಿದೆ ಎಂಬುದು ಕಾಣುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1953ರಲ್ಲಿ ಆರಂಭವಾದ ಒಂದು ವರ್ಷದ ಕಂಪ್ಯೂಟಿಂಗ್ ಡಿಪ್ಲೊಮಾ ಪದವಿ ಮುಗಿಸಿದವರಿಗಾಗಿಯೇ ಇತ್ತು. ಆಗ ಕಂಪ್ಯೂಟರ್ ಪದವೀಧರರೆಂಬ ಜನವೇ ಇರಲಿಲ್ಲವಾದ್ದರಿಂದ ಅಲ್ಲಿಗೆ ಬಂದವರೆಲ್ಲರೂ ಬೇರೆ ಶಾಸ್ತ್ರದವರೇ. 2008ರವರೆಗೆ ಅದು ನಡೆಯಿತು. ಈಗ ಅಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳು ಕನ್ವರ್ಷನ್ ಎಂ.ಎಸ್ಸಿ. ಎಂಬ ಹೆಸರಿನಲ್ಲಿ ಅಂಥದೇ ಕೋರ್ಸುಗಳನ್ನು ನಡೆಸುತ್ತವೆ. ಅವು ಸಾಮಾನ್ಯವಾಗಿ ಹನ್ನೆರಡು ತಿಂಗಳಿನವು. ಒಟ್ಟು 180 ಕ್ರೆಡಿಟ್‌ಗಳಲ್ಲಿ ಪಾಠಕ್ಕೆ 120, ಕೊನೆಯ ಪ್ರಾಜೆಕ್ಟಿಗೆ 60 ಎಂಬುದು ವಾಡಿಕೆ. ಮುಖ್ಯವಾದ ಸಂಗತಿಯೆಂದರೆ, ಕಂಪ್ಯೂಟರ್ ಪದವೀಧರರಿಗೆ ಈ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎಂ.ಎಸ್ಸಿ. ಕಂಪ್ಯೂಟಿಂಗ್ ಎಂಬುದು ಬೇರೆ ಶಾಸ್ತ್ರದವರಿಗೆ, ಎಂ.ಎಸ್ಸಿ. ಅಡ್ವಾನ್ಸ್ಡ್ ಕಂಪ್ಯೂಟಿಂಗ್ ಎಂಬುದು ಆ ಶಾಸ್ತ್ರವನ್ನೇ ಓದಿದವರಿಗೆ. ಅಮೆರಿಕದ ನಾರ್ತ್ಈಸ್ಟರ್ನ್ ವಿಶ್ವವಿದ್ಯಾನಿಲಯದ ಅಲೈನ್ ಎಂಬ ಕಾರ್ಯಕ್ರಮದಲ್ಲಿ ಕೊನೆಗೆ ಎಲ್ಲರೂ ಒಂದೇ ತರಗತಿಗೆ ಬರುತ್ತಾರಾದರೂ ಅದಕ್ಕೆ ಮೊದಲು ಎರಡು ಸೆಮಿಸ್ಟರುಗಳ ಸೇತುವೆ ಪಾಠವಿದೆ. ಎರಡು ಸೆಮಿಸ್ಟರ್ ಎಂದರೆ ನಮ್ಮ ಹಳೆಯ ಮೊದಲ ವರ್ಷವೇ!

ನಮ್ಮಲ್ಲಿ ಚರ್ಚೆ ಬಂದಾಗಲೆಲ್ಲ ಆರ್ಟ್ಸ್, ಕಾಮರ್ಸ್ ಮಕ್ಕಳಿಗೆ ಇದು ತಲೆಗೆ ಹತ್ತುವುದಿಲ್ಲ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಕೇಳಿಬರುತ್ತದೆ. ಕಳೆದ ವಾರದ ಒಂದು ಅಭ್ಯಾಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆದಿಡುವುದು ಅದಕ್ಕಾಗಿಯೇ.

ಸ್ಟ್ರಿಂಗ್‌ಗಳ, ಅಂದರೆ ಅಕ್ಷರಸಾಲುಗಳ, ಪಾಠದ ಕೊನೆಯಲ್ಲಿ, ತಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ವಿಷಯದ ಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆಯಲು ಹೇಳಿದ್ದೆ. ಬಿ.ಎ. ಹುಡುಗಿ ಸಂಧಿಯನ್ನು ಆರಿಸಿಕೊಂಡಳು. ‘ಊರು’ ಪದದ ಉದ್ದವನ್ನು ಕೇಳಿದರೆ ಪೈಥಾನ್ ಮೂರು ಎಂದಿತು. ಅವಳ ಎಣಿಕೆಯಲ್ಲಿ ಅದು ಎರಡಕ್ಷರ. ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಊ’ ಒಂದು, ‘ರ’ ಒಂದು, ಕೊಂಬು ಬೇರೆಯೇ ಒಂದು ಎಂದು ತಿಳಿದ ಕೂಡಲೇ ಲೋಪಸಂಧಿ ಅವಳಿಗೆ ಸುಲಭವಾಗಿ ಕಂಡಿತು. ಮೊದಲ ಪದದ ಕೊನೆಯ ಕೊಂಬನ್ನು ತೆಗೆದು, ಎರಡನೆಯ ಪದದ ಮೊದಲ ಸ್ವರಕ್ಕೆ ತಕ್ಕ ಚಿಹ್ನೆಯನ್ನು ಅಲ್ಲಿಡುವುದು: ಊರು, ಇಂದ ಸೇರಿ ಊರಿಂದ. ‘ಅನ್ನು’ ಬಂದಾಗ ಇಡಲು ಚಿಹ್ನೆಯೇ ಇಲ್ಲ, ಏಕೆಂದರೆ ವ್ಯಂಜನದಲ್ಲೇ ಅಕಾರ ಅಡಗಿದೆ. ಅದಕ್ಕೆ ಪ್ರತ್ಯೇಕವಾಗಿ ಒಂದು ಸಾಲು ಬರೆದಳು. ಊರನ್ನು, ಕಾಡನ್ನು, ಹಣ್ಣನ್ನು ಎಲ್ಲವೂ ಸರಿಯಾಗಿ ಬಂದವು. ‘ಗುರು’ ಕೊಟ್ಟಾಗ ಪ್ರೋಗ್ರಾಮ್ ‘ಗುರನ್ನು’ ಎಂದಿತು, ತರಗತಿಯೆಲ್ಲ ನಕ್ಕಿತು.

ಆಮೇಲೆ ಅವಳು ಮಾಡಿದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಛಂದಸ್ಸಿನ ಪಾಠವನ್ನು ನೆನಪಿಸಿಕೊಂಡು ಪದಗಳಿಗೆ ಲಘು, ಗುರು ಹಾಕಿದಳು. ಗುರು, ಹಸು, ಮಗು, ಕರು ಇವುಗಳಲ್ಲಿ ಎರಡೂ ಅಕ್ಷರ ಲಘು, ಅಲ್ಲಿ ವಕಾರಾಗಮ. ಊರು, ಕಾಡು, ಹಣ್ಣು ಇವುಗಳಲ್ಲಿ ಮೊದಲಕ್ಷರ ಗುರು, ಅಲ್ಲಿ ಲೋಪ. ಮಾತ್ರೆ ಎಣಿಸುವ ಒಂದು ಫಂಕ್ಷನ್ ಬರೆದಳು. ಅದು ‘ವಸ್ತು’ ಮತ್ತು ‘ಶತ್ರು’ ಬಂದಾಗ ಸೋತಿತು. ಸಂಸ್ಕೃತದಿಂದ ಬಂದ ಆ ಪದಗಳಲ್ಲಿ ಮೊದಲಕ್ಷರ ಗುರುವಾದರೂ ವಸ್ತುವನ್ನು, ಶತ್ರುವನ್ನು ಎಂದೇ ಆಗಬೇಕು. ಎರಡೂ ಲಘುವಾದ ‘ಅದು’ ತಿರುಗಿ ‘ಅದನ್ನು’ ಆಗುತ್ತದೆ. “ಸರ್, ಇವನ್ನು ನಿಯಮದಲ್ಲಿ ಹಿಡಿಯಲು ಆಗುವುದಿಲ್ಲ, ಪಟ್ಟಿ ಇಟ್ಟುಕೊಳ್ಳಬೇಕು” ಎಂದಳು. ನಿಯಮಗಳು ಒಂದು ಕಡೆ, ನಿಯಮಕ್ಕೆ ಸಿಗದ ಪದಗಳ ಕೋಶ ಇನ್ನೊಂದು ಕಡೆ: ಪದರೂಪಗಳನ್ನು ಬಿಡಿಸುವ ತಂತ್ರಾಂಶಗಳನ್ನು ಬಹುಕಾಲ ಕಟ್ಟುತ್ತಿದ್ದದ್ದೇ ಹೀಗೆ. ಅದೇ ಕೋಣೆಯಲ್ಲಿ ಎಷ್ಟೋ ಮಂದಿ ಇಂಟರ್‌ನೆಟ್ಟಿನಿಂದ ಎತ್ತಿದ ಕ್ಯಾಲ್ಕುಲೇಟರ್ ಪ್ರೋಗ್ರಾಮನ್ನೇ ಒಪ್ಪಿಸಿದ್ದರು ಎಂಬುದನ್ನೂ ಹೇಳಬೇಕು.

ಬಿ.ಕಾಂ. ಹುಡುಗರ ವಿಷಯವೂ ಹೀಗೆಯೇ. ‘ಎಣಿಕೆ = ಎಣಿಕೆ + 1’ ಎಂಬ ಸಾಲನ್ನು ಕಂಡು ಗಣಿತದವರು ಇದು ಸಮೀಕರಣವೇ ಅಲ್ಲವೆಂದು ಜಗಳಕ್ಕೆ ನಿಂತರೆ, ಲೆಜರ್ ಬರೆದು ರೂಢಿಯಿದ್ದವರಿಗೆ ಹಳೆಯ ಬಾಕಿಗೆ ಹೊಸದನ್ನು ಕೂಡಿಸಿ ಅದೇ ಅಂಕಣದಲ್ಲಿ ಇಡುವುದು ವಿಚಿತ್ರವೆನಿಸಲಿಲ್ಲ. ಡೇಟಾಬೇಸಿನಲ್ಲಿ ಒಂದು ವ್ಯವಹಾರ ಪೂರ್ತಿ ನಡೆಯಬೇಕು, ಇಲ್ಲವೇ ನಡೆಯಲೇಬಾರದು ಎಂಬ ತತ್ತ್ವವನ್ನು ವಿವರಿಸಲು ಹೊರಟರೆ, ಒಂದು ಖಾತೆಗೆ ಖರ್ಚು ಹಾಕಿ ಇನ್ನೊಂದಕ್ಕೆ ಜಮೆ ಹಾಕದಿದ್ದರೆ ಟ್ರಯಲ್ ಬ್ಯಾಲೆನ್ಸ್ ಕೂಡುವುದಿಲ್ಲವೆಂದು ಅವರೇ ಮುಂದಾಗಿ ಹೇಳಿದರು. ಅವರಿಗೆ ಕಷ್ಟವಾಗುವುದು ಬೇರೆ ಕಡೆ, ಫಂಕ್ಷನ್ ತನ್ನನ್ನೇ ಕರೆಯುವ ರಿಕರ್ಶನ್ನಿನಲ್ಲಿ, ಮೆಮೊರಿಯ ವಿಳಾಸ ಹಿಡಿದಿಡುವ ಸಿ ಭಾಷೆಯ ಪಾಯಿಂಟರಿನಲ್ಲಿ, ಎರರ್ ಸಂದೇಶವನ್ನು ಗಾಬರಿಯಾಗದೆ ಪೂರ್ತಿ ಓದುವುದರಲ್ಲಿ. ಇವು ಬುದ್ಧಿಯಿಂದ ಹಾರಿ ದಾಟುವಂಥವಲ್ಲ. ಮತ್ತೆ ಮತ್ತೆ ಬರೆದು, ಕೆಡಿಸಿ, ಸರಿಪಡಿಸಿ ಕೈಗೆ ಹತ್ತಬೇಕಾದವು, ಅದಕ್ಕೆ ತಿಂಗಳುಗಳು ಬೇಕು. ನಮ್ಮೂರಿನ ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ಮೆಕ್ಯಾನಿಕಲ್, ಸಿವಿಲ್ ಓದಿದವರನ್ನು ಸಂಬಳ ಕೊಟ್ಟು ಕೂರಿಸಿಕೊಂಡು ತಿಂಗಳುಗಟ್ಟಲೆ ತರಬೇತಿ ಕೊಟ್ಟು ಪ್ರೋಗ್ರಾಮರುಗಳನ್ನಾಗಿ ಮಾಡಿರುವುದು ಎಲ್ಲರ ಕಣ್ಣೆದುರಿಗಿದೆ. ಕಂಪನಿಗೆ ಅರ್ಥವಾದ ಈ ಲೆಕ್ಕ ಪಠ್ಯಕ್ರಮ ಸಮಿತಿಗಳಿಗೆ ಅರ್ಥವಾಗದಿರುವುದು ನನಗೆ ಸೋಜಿಗ.

ಇವತ್ತು ಮಧ್ಯಾಹ್ನ ಮಂಡ್ಯದಿಂದ ಪರಿಚಯದವರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಅವಳು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸುತ್ತಿದ್ದಾಳೆ. ಪಿಯುಸಿಯಲ್ಲಿ ಪಿಸಿಎಂಬಿ ಇದ್ದುದರಿಂದ ಎಂಸಿಎ ಬಾಗಿಲು ತೆರೆದಿದೆ. ಅವಳ ಚಿಕ್ಕಪ್ಪನ ಮಗ ಎಚ್‌ಇಬಿಎ ತೆಗೆದುಕೊಂಡು ಬಿ.ಕಾಂ. ಮಾಡಿದವನು, ಪದವಿಯಲ್ಲೂ ಗಣಿತವಿಲ್ಲದ ಕಾರಣ ಅವನಿಗೆ ಆ ಬಾಗಿಲು ಮುಚ್ಚಿದೆ. ಹದಿನಾರನೆಯ ವಯಸ್ಸಿನಲ್ಲಿ, ಬಹುಪಾಲು ಸ್ನೇಹಿತರ ಜೊತೆಗಿರಲೆಂದು ಆರಿಸಿಕೊಂಡ ಕಾಂಬಿನೇಷನ್ನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹೀಗೆ ಅಡ್ಡ ಬರುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಡಿಸ್ಕ್ರೀಟ್ ಗಣಿತವನ್ನು ಕೋರ್ಸಿನೊಳಗೇ ಕಲಿಸಬಹುದು, ಹಿಂದೆ ಕಲಿಸುತ್ತಿದ್ದರು. ಅವನಿಗೆ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್ ಕೋರ್ಸಿನ ಬಗ್ಗೆ ತಿಳಿಸಲು ಹೇಳಿದೆ. ಅಲ್ಲಿ ಕೇಳುವುದು ಹತ್ತನೆಯ ತರಗತಿಯ ಗಣಿತವನ್ನು. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಬರೆದು ಒಳಗೆ ಹೋಗಬಹುದು.

ತಂದೆಯವರಿಗೆ ಮಗಳನ್ನು ಇಂಗ್ಲೆಂಡಿಗೆ ಕಳುಹಿಸುವ ಮನಸ್ಸಿತ್ತು, ಏಜೆಂಟರೊಬ್ಬರು ಆಗಲೇ ಕಾಗದಪತ್ರ ಕೇಳಿದ್ದಾರಂತೆ. ಕನ್ವರ್ಷನ್ ಕೋರ್ಸು ಚೆನ್ನಾಗಿರುತ್ತದೆಂದು ನಾನೇ ಒಪ್ಪಿದೆ. ಆದರೆ ಅಲ್ಲಿನ ಸರ್ಕಾರ 2020ರಿಂದ ಎಐ ಮತ್ತು ಡೇಟಾ ಸೈನ್ಸ್ ಕನ್ವರ್ಷನ್ ಕೋರ್ಸುಗಳಿಗೆ ಕೊಟ್ಟ 10,000 ಪೌಂಡಿನ ವಿದ್ಯಾರ್ಥಿವೇತನಗಳು ನಮ್ಮಂಥ ಹೊರದೇಶದವರಿಗಾಗಿ ಇರಲಿಲ್ಲ. ಓದಿನ ನಂತರ ಉಳಿದು ಕೆಲಸ ಹುಡುಕಲು ಕೊಡುವ ಎರಡು ವರ್ಷದ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಮುಂದಿನ ಸೆಪ್ಟೆಂಬರಿನಲ್ಲಿ ಸೇರಿದರೆ ಇವಳು ಆ ಎರಡನೆಯ ಗುಂಪಿಗೇ ಬೀಳುತ್ತಾಳೆ. ಸಾಲ ಮಾಡುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದೆ.

ಹುಡುಗಿಗೆ ಕೊಟ್ಟ ಸಲಹೆ ಇಷ್ಟು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆಯುವುದು. ಇತ್ತೀಚಿನ ಕೆಲವು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಈಗಲೇ ತೆಗೆದು ನೋಡುವುದು. ಅದಕ್ಕಿಂತ ಮುಖ್ಯವಾಗಿ, ಸೀಟು ಸಿಗಲಿ ಬಿಡಲಿ, ಕಾಲೇಜು ಕೊಡದ ಆ ಮೊದಲ ವರ್ಷವನ್ನು ಈಗಿನಿಂದಲೇ ತಾನೇ ಓದಿಕೊಳ್ಳುವುದು: ಪೈಥಾನ್, ಗಣಗಳು ಮತ್ತು ಸಂಬಂಧಗಳು, ಗಣಿತೀಯ ಅನುಗಮನ, ಬೈನರಿ ಲೆಕ್ಕ, ಆಮೇಲೆ ಸ್ವಲ್ಪ ಸಿ. ಮೊದಲ ಪ್ರೋಗ್ರಾಮಿಗೆ ವಿಷಯವನ್ನು ಹೊರಗೆ ಹುಡುಕಬೇಡವೆಂದೂ ಹೇಳಿದೆ. ಸಸ್ಯಗಳನ್ನು ಗುರುತಿಸಲು ಲ್ಯಾಬಿನಲ್ಲಿ ಬಳಸುವ ಕೀ, ಎಲೆ ಎದುರುಬದುರಾಗಿದೆಯೇ ಪರ್ಯಾಯವಾಗಿದೆಯೇ ಎಂದು ಹಂತಹಂತವಾಗಿ ಎರಡೆರಡು ಆಯ್ಕೆ ಕೊಡುತ್ತಾ ಹೋಗುತ್ತದಲ್ಲ, ಅದನ್ನೇ ಪೈಥಾನ್‌ನಲ್ಲಿ ಬರೆದು ಡಿಸೆಂಬರ್ ಕೊನೆಯೊಳಗೆ ನನಗೆ ಕಳುಹಿಸಲು ತಿಳಿಸಿದೆ.