ಮಾಸ್ಕ್ ಒಳಗೆ ಕಹಿ ತಾಗಿದರೆ ಫೇಲ್

ತಲೆಯ ಮೇಲೆ ಒಂದು ಬಿಳಿ ಹುಡ್ ಇಳಿಬಿಡುತ್ತಾರೆ. ಮುಖದ ಮುಂದೆ ಪ್ಲಾಸ್ಟಿಕ್ ಕಿಟಕಿ, ಅದರಲ್ಲೊಂದು ತೂತು. ಆ ತೂತಿನಿಂದ ಕಹಿ ನೀರನ್ನು ಪುಸ್ ಪುಸ್ ಅಂತ ಒಳಗೆ ಸಿಂಪಡಿಸುತ್ತಾರೆ. ನಾವು ಎನ್95 ಮಾಸ್ಕ್ ಹಾಕಿಕೊಂಡು ನಿಂತಿರಬೇಕು. ಜೋರಾಗಿ ಉಸಿರು ಎಳೆಯಬೇಕು, ತಲೆಯನ್ನು ಎಡಕ್ಕೆ ಬಲಕ್ಕೆ ಮೇಲಕ್ಕೆ ಕೆಳಕ್ಕೆ ಆಡಿಸಬೇಕು, ಒಂದು ಹಾಳೆಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ನಾಲಿಗೆಗೆ ಕಹಿ ತಾಗಿತೋ, ಫೇಲ್. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಸಿಂಗಾಪುರಕ್ಕೆ ಬಂದ ಮೊದಲ ವಾರವೇ ನಾನು ಇದರಲ್ಲಿ ಫೇಲ್ ಆಗಿದ್ದೆ. ಎರಡನೇ ಸಾಲು ಓದುವಾಗಲೇ ಬಾಯೆಲ್ಲ ಕಹಿ. ನನ್ನ ಮುಖ ಚಿಕ್ಕದು, ಚಿಕ್ಕ ಸೈಜ್ ಬೇಕಿತ್ತು. ಊರಿನಲ್ಲಿ ನರ್ಸಿಂಗ್ ಓದುವಾಗ ಮಾಸ್ಕ್‌ಗೆ ಸೈಜ್ ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮಂಗಳೂರಿನಲ್ಲಿ ನಾಲ್ಕು ವರ್ಷ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ, 2014ರಲ್ಲಿ ಇಲ್ಲಿಗೆ ಬಂದವಳು ನಾನು. ಯಾವ ರೋಗವೂ ಇಲ್ಲದ ಕಾಲದಲ್ಲಿ ಇಷ್ಟೊಂದು ಪರೀಕ್ಷೆ ಯಾಕೆ ಅನ್ನಿಸುತ್ತಿತ್ತು.

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಅದಕ್ಕೆ ಉತ್ತರ ಕೊಟ್ಟರು. ಅವರು 2003ರಲ್ಲಿ ಹೊಸ ನರ್ಸ್. ಆ ವರ್ಷ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಮರಳಿದ ಒಬ್ಬ ಯುವತಿ ನ್ಯುಮೋನಿಯಾ ಅಂತ ಟಾನ್ ಟಾಕ್ ಸೆಂಗ್ ಆಸ್ಪತ್ರೆಗೆ ಸೇರಿದಳು. ಅದು ಸಾರ್ಸ್, ಕೋವಿಡ್‌ನಂತೆಯೇ ಉಸಿರಾಟಕ್ಕೆ ತಗುಲುವ ವೈರಸ್ ರೋಗ. ಆ ಹೆಸರೇ ಆಗ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಂತೆ ಅವಳನ್ನೂ ಸಾಮಾನ್ಯ ವಾರ್ಡಿನಲ್ಲೇ ನೋಡಿಕೊಂಡರು. ಆಮೇಲೆ ಈ ಪುಟ್ಟ ದೇಶದಲ್ಲಿ 238 ಜನರಿಗೆ ಸಾರ್ಸ್ ಬಂತು, 33 ಜನ ಸತ್ತರು. ಸೋಂಕು ತಗುಲಿದ ಹತ್ತು ಜನರಲ್ಲಿ ಸುಮಾರು ನಾಲ್ವರು ಆಸ್ಪತ್ರೆಯವರೇ. ಸತ್ತವರಲ್ಲಿ ಡಾಕ್ಟರ್‌ಗಳೂ ಇದ್ದರು, ನರ್ಸಿಂಗ್ ಸಿಬ್ಬಂದಿಯೂ ಇದ್ದರು. "ನಾವು ಸುಮ್ನೆ ಅಭ್ಯಾಸ ಮಾಡಿಸುತ್ತಿಲ್ಲ," ಅಂದರು ಸಿಸ್ಟರ್. ಜಾಸ್ತಿ ಮಾತಾಡುವವರಲ್ಲ. ನನ್ನ ಮಾಸ್ಕಿನ ಮೂಗಿನ ತಂತಿಯನ್ನು ಎರಡೂ ಕೈಯ ಬೆರಳಿನಿಂದ ತಾವೇ ಒತ್ತಿ ಕೂರಿಸಿದರು.

2020ರ ಜನವರಿ 23ಕ್ಕೆ ಇಲ್ಲಿ ಮೊದಲ ಕೋವಿಡ್ ರೋಗಿ ಪತ್ತೆಯಾದರು. ಫೆಬ್ರವರಿ 7ರ ಸಂಜೆ ಎಚ್ಚರಿಕೆಯ ಮಟ್ಟವನ್ನು ಹಳದಿಯಿಂದ ಕಿತ್ತಳೆಗೆ ಏರಿಸಿದರು. ಜನ ಅಂಗಡಿಗೆ ನುಗ್ಗಿ ಅಕ್ಕಿ, ನೂಡಲ್ಸ್, ಟಾಯ್ಲೆಟ್ ಪೇಪರ್ ಖಾಲಿ ಮಾಡಿದರು. ನಮ್ಮ ವಾರ್ಡಿನಲ್ಲಿ ಮಾತ್ರ ಯಾರೂ ಗಾಬರಿಯಿಂದ ಓಡಾಡಲಿಲ್ಲ. ಯಾರು ಯಾವ ಟೀಮ್ ಅಂತ ಪಟ್ಟಿ ಮೊದಲೇ ಇತ್ತು. ಒಂದು ಟೀಮಿನವರು ಇನ್ನೊಂದು ಟೀಮಿನವರ ಜತೆ ಊಟಕ್ಕೆ ಕೂರುವಂತಿಲ್ಲ. ದಿನಕ್ಕೆರಡು ಸಲ ನಮ್ಮ ಜ್ವರ ನಾವೇ ನೋಡಿ ಬರೆದಿಡಬೇಕು. ರಜೆಗಳೆಲ್ಲ ರದ್ದು. ಏಪ್ರಿಲ್‌ನಲ್ಲಿ ತಮ್ಮನ ಮದುವೆಗೆ ಬರಲು ಟಿಕೆಟ್ ಮಾಡಿಸಿದ್ದೆ, ಅದೂ ಹೋಯಿತು.

ಸೋಂಕಿತರನ್ನು ಇಡುವ ಪ್ರತ್ಯೇಕ ಕೋಣೆಗಳ ಬಗ್ಗೆ ಹೇಳಬೇಕು. ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಒಳಗಿನದು ಕಾರಿಡಾರ್‌ಗೆ ಬರುವುದಿಲ್ಲ, ಹಾಗೆ ಕಟ್ಟಿರುತ್ತಾರೆ. ಅದು ಕೆಲಸ ಮಾಡುತ್ತಿದೆಯಾ ಅಂತ ನೋಡಲು ಬಾಗಿಲ ಕೆಳಗಿನ ಸಂದಿಯ ಹತ್ತಿರ ಟಿಶ್ಯೂ ಪೇಪರಿನ ಒಂದು ಎಳೆ ಹಿಡಿಯುವುದು. ಎಳೆ ಒಳಮುಖವಾಗಿ ಬಾಗಿದರೆ ಸರಿ. ಇಂಥ ಕೋಣೆಗಳಿರುವ 330 ಹಾಸಿಗೆಯ ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕೇಂದ್ರವನ್ನು ಸಿಂಗಾಪುರ 2019ರಲ್ಲೇ, ಕೋವಿಡ್ ಬರುವ ಕೆಲವೇ ತಿಂಗಳ ಮೊದಲು ತೆರೆದಿತ್ತು. ಸಾರ್ಸ್ ಕಲಿಸಿದ ಪಾಠಕ್ಕೆ ಕಟ್ಟಿದ ಕಟ್ಟಡ ಅದು.

ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಸುಸ್ತಾಗಿರುತ್ತದೆ, ಬೆವರು ಕಣ್ಣಿಗೆ ಇಳಿಯುತ್ತಿರುತ್ತದೆ, ಎಲ್ಲವನ್ನೂ ಒಮ್ಮೆಗೇ ಕಿತ್ತೆಸೆಯೋಣ ಅನ್ನಿಸುತ್ತದೆ. ಸೋಂಕು ತಗುಲುವುದು ಆಗಲೇ. ಮೊದಲು ಗ್ಲೌಸ್, ಕೈಗೆ ಸ್ಯಾನಿಟೈಸರ್. ಆಮೇಲೆ ಗೌನ್, ಒಳಮಗ್ಗುಲು ಹೊರಗೆ ಬರುವಂತೆ ಸುತ್ತಿಕೊಂಡು. ಮತ್ತೆ ಕೈ. ಕನ್ನಡಕ, ಮತ್ತೆ ಕೈ. ಕೋಣೆ ದಾಟಿದ ಮೇಲೆ ಕೊನೆಗೆ ಮಾಸ್ಕ್, ಮುಂಭಾಗ ಮುಟ್ಟದೆ ಕೆಳಗಿನ ಎಲಾಸ್ಟಿಕ್ ಮೊದಲು, ಮೇಲಿನದು ನಂತರ. ಒಬ್ಬರು ಗಾಜಿನಾಚೆ ನಿಂತು ನೋಡುತ್ತಿರುತ್ತಾರೆ. ಕೈ ತಪ್ಪಿ ಕೆನ್ನೆಗೆ ಹೋದರೆ "ಸ್ಟಾಪ್" ಅಂತ ಕೂಗುತ್ತಾರೆ. ಒಂದು ರಾತ್ರಿ ಹಾಗೆ ನನ್ನನ್ನು ಕೂಗಿ ನಿಲ್ಲಿಸಿದ್ದು ನನಗಿಂತ ಆರು ವರ್ಷ ಚಿಕ್ಕ ಫಿಲಿಪೀನ್ಸ್ ಹುಡುಗಿ. ಅವಳ ಋಣ ನನ್ನ ಮೇಲಿದೆ.

ಹೊರಗಡೆ ಜನ ಎರಡು ತರ ಇದ್ದರು. ಮಾರ್ಚ್ 30ರ ರಾತ್ರಿ ಎಂಟಕ್ಕೆ ಬಾಲ್ಕನಿಗಳಲ್ಲಿ ನಿಂತು ನಮಗಾಗಿ ಚಪ್ಪಾಳೆ ತಟ್ಟಿದರು. ಆದರೆ ಅದಕ್ಕೂ ಮುಂಚೆ, ಫೆಬ್ರವರಿಯಲ್ಲೇ, ನಾವು ಮೂವರು ನರ್ಸ್‌ಗಳಿದ್ದ ಮನೆಯ ಮಾಲೀಕರು ಬೇರೆ ಕಡೆ ನೋಡಿಕೊಳ್ಳಿ ಅಂದಿದ್ದರು. ಬಾಡಿಗೆ ತಪ್ಪಿಸಿದವರಲ್ಲ, ಗಲಾಟೆ ಮಾಡಿದವರಲ್ಲ ನಾವು. ಆ ರಾತ್ರಿ ಅತ್ತದ್ದು ನೆನಪಿದೆ. ಊರಲ್ಲೂ ನರ್ಸ್‌ಗಳಿಗೆ, ಆಶಾ ಅಕ್ಕಂದಿರಿಗೆ ಹೀಗೇ ಆಗಿದೆ ಅಂತ ಆಮೇಲೆ ಕೇಳಿದೆ.

ಇಷ್ಟು ತಯಾರಿ ಇದ್ದರೂ ಒಂದು ದೊಡ್ಡ ತೂತು ಉಳಿದೇ ಇತ್ತು. ಏಪ್ರಿಲ್‌ನಲ್ಲಿ ವಲಸೆ ಕಾರ್ಮಿಕರ ವಸತಿಗಳಲ್ಲಿ ಸೋಂಕು ಹಬ್ಬಿತು. ಮೂರು ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದರು, ಒಂದೊಂದು ಕೋಣೆಯಲ್ಲಿ ಹತ್ತು ಹದಿನೈದು ಮಂದಿ, ಮೇಲೊಬ್ಬ ಕೆಳಗೊಬ್ಬ ಮಲಗುವ ಮಂಚಗಳು. ಈ ಊರಿನ ರಸ್ತೆ, ಮೆಟ್ರೋ, ನಾನು ಕೆಲಸ ಮಾಡುವ ಆಸ್ಪತ್ರೆಯ ಗೋಡೆ, ಎಲ್ಲ ಕಟ್ಟಿದವರು. ಆಸ್ಪತ್ರೆಯ ಗಾಳಿ ಯಾವ ಕಡೆ ಹರಿಯಬೇಕು ಅಂತ ಅಷ್ಟು ಯೋಚಿಸಿದವರು, ಇವರು ಮಲಗುವ ಕೋಣೆಯ ಗಾಳಿಯ ಬಗ್ಗೆ ಯೋಚಿಸಿರಲಿಲ್ಲ. ಆ ವರ್ಷ ಇಲ್ಲಿನ ಸೋಂಕಿತರಲ್ಲಿ ಬಹುಪಾಲು ಇವರೇ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹೆಚ್ಚಿನವರು ಗಟ್ಟಿಮುಟ್ಟಾದ ಹುಡುಗರು. ರೋಗ ಅವರನ್ನು ಅಷ್ಟಾಗಿ ಕಾಡಲಿಲ್ಲ, ಭಯ ಕಾಡಿತು. ವಾರ್ಡಿನಲ್ಲಿ ತಮಿಳು, ತೆಲುಗು, ಬಂಗಾಳಿ ಮಾತು. ಕನ್ನಡದವರು ನನಗೆ ಒಬ್ಬರೂ ಸಿಗಲಿಲ್ಲ, ಆದರೆ ನನ್ನ ಅರೆಬರೆ ತಮಿಳು ಆಗ ಕೆಲಸಕ್ಕೆ ಬಂತು. ಗೌನ್ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿಕೊಳ್ಳುತ್ತಿದ್ದೆವು, ನಮ್ಮ ಮುಖ ಅವರಿಗೆ ಕಾಣುತ್ತಿರಲಿಲ್ಲವಲ್ಲ. ತಿರುಚ್ಚಿ ಕಡೆಯ ಒಬ್ಬ ಹುಡುಗ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ: "ಅಕ್ಕಾ, ಈ ದಿನಗಳ ಸಂಬಳ ಕೊಡ್ತಾರಾ?" ಜ್ವರ ಎಷ್ಟು ಅಂತ ಅವನು ಒಮ್ಮೆಯೂ ಕೇಳಲಿಲ್ಲ. ಒಳಗೆ ಹೋಗುವುದನ್ನು ಕಡಿಮೆ ಮಾಡಲು ಮಾತ್ರೆ, ಊಟ, ಬಿಪಿ, ನೀರಿನ ಬಾಟಲಿ ಎಲ್ಲ ಒಂದೇ ಸಲಕ್ಕೆ ಮುಗಿಸಬೇಕಿತ್ತು. ಆ ಲೆಕ್ಕದಲ್ಲಿ ಐದು ನಿಮಿಷ ಮಾತಾಡುವುದನ್ನೂ ಸೇರಿಸಿಕೊಂಡೆ. ಅದೂ ಶುಶ್ರೂಷೆಯೇ ಅಲ್ವಾ?

2020ರ ಕೊನೆಗೆ ಸಿಂಗಾಪುರದಲ್ಲಿ ಕೋವಿಡ್‌ನಿಂದ ಸತ್ತವರು 29. ಡಿಸೆಂಬರ್ 30ಕ್ಕೆ ಇಲ್ಲಿ ಮೊದಲ ಲಸಿಕೆ ಹಾಕಿಸಿಕೊಂಡದ್ದೂ ಒಬ್ಬ ನರ್ಸ್. ಎಲ್ಲ ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಸೋಂಕು ಮತ್ತೆ ಆಸ್ಪತ್ರೆಯ ವಾರ್ಡ್ ಒಳಗೇ ಕಾಣಿಸಿಕೊಂಡಿತು. ಅದೇ ವಾರ ಅಮ್ಮನ ಫೋನ್ ಬಂತು. ಅಪ್ಪನಿಗೆ ಜ್ವರ, ಕೆಮ್ಮು.

ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಹಾಸನದಲ್ಲಿ ವಿಚಾರಿಸಿದರೆ ಹಾಸಿಗೆ ಇಲ್ಲ ಅಂದರು. ಮನೆಗೆ ಬಂದ ಆಶಾ ಅಕ್ಕನ ಹತ್ತಿರ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಇತ್ತು, ಮುಖಕ್ಕೆ ಒಂದು ಬಟ್ಟೆ ಮಾಸ್ಕ್ ಇತ್ತು. ಹಿಂದಿನ ವರ್ಷ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಮಾಡಿದ್ದರು. ನನ್ನ ಮುಖಕ್ಕೆ ಸೈಜ್ ನೋಡಿ ಮಾಸ್ಕ್ ಕೊಟ್ಟವರಿದ್ದಾರೆ. ಅವರ ಮುಖಕ್ಕೆ ಯಾರು ನೋಡಿದರು?

ಅಪ್ಪನ ಆಮ್ಲಜನಕ 92. ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಹೇಳಿಕೊಟ್ಟೆ. ಹೊಟ್ಟೆ ಅಡಿ ಮಾಡಿ ಮಲಗಿಸು. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಎರಡು, ಕಣಕಾಲ ಕೆಳಗೆ ಎರಡು. ಮನೆಯಲ್ಲಿದ್ದದ್ದು ಮೂರೇ ದಿಂಬು. ಕಂಬಳಿ ಮಡಚಿ ಇಟ್ಟರು. ಕಿಟಕಿ ತೆಗೆಸಿದೆ. ಆಶಾ ಅಕ್ಕನಿಗೆ ಮಾಸ್ಕಿನ ಮೂಗಿನ ಭಾಗ ಬಿಗಿ ಮಾಡಿಕೊಳ್ಳಿ, ಬಾಗಿಲಲ್ಲೇ ನಿಲ್ಲಿ ಅಂದೆ. ಅರ್ಧ ಗಂಟೆ ಕಳೆದ ಮೇಲೆ 95 ತೋರಿಸಿತು. 92ಕ್ಕಿಂತ ಕೆಳಗೆ ಹೋದರೆ ಏನಾದರೂ ಸರಿ ಆಸ್ಪತ್ರೆಗೆ ಹೊರಡಿ ಅಂತ ಕಾರಿನವನಿಗೂ ಹೇಳಿಸಿಟ್ಟಿದ್ದೆ. ಹನ್ನೊಂದು ದಿನ ಹೀಗೇ ನಡೆಯಿತು. ಡ್ಯೂಟಿ ಮುಗಿಸಿ ಗೌನ್ ಬಿಚ್ಚಿ, ಕೈ ತೊಳೆದು, ಮೊದಲು ನೋಡುತ್ತಿದ್ದದ್ದು ಅಮ್ಮ ಕಳಿಸಿದ ಆ ಎರಡು ಅಂಕಿಯ ಫೋಟೊ. ಕಾರು ಹೊರಡಿಸುವ ಪ್ರಸಂಗ ಬರಲಿಲ್ಲ.

ಹುಷಾರಾದ ಮೇಲೆ ಅಪ್ಪ ಅರಸೀಕೆರೆಗೆ ಹೋಗಿ ತಾವೇ ಒಂದು ಆಕ್ಸಿಮೀಟರ್ ತಂದರು. ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಪಕ್ಕ ಇಟ್ಟಿದ್ದಾರೆ. ಯುಗಾದಿಗೆ ಫೋನ್ ಮಾಡಿದಾಗ ಪ್ರತಿ ವರ್ಷ ಹೇಳುತ್ತಾರೆ: "ಹೊಸ ಸೆಲ್ ಹಾಕಿದೀನಿ. ಬೆರಳಿಟ್ಟು ನೋಡಿದೆ. ನನ್ನದು 97, ನಿಮ್ಮಮ್ಮಂದು 98."