ಮೂರು ಆಯಸ್ಕಾಂತ, ಒಂದು ಎಣ್ಣೆ ಡಬ್ಬ

ಶನಿವಾರ, 15 ನವೆಂಬರ್ 2025
ಕಾರವಾರ, ರಾತ್ರಿ 10.40

ರೇಡಿಯೋ ಆಂಟೆನಾ ಕೂರಿಸಲು ವ್ಯಾನಿನ ಮಾಡಿಗೆ ತೂತು ಕೊರೆಯಲು ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. "ಅಡ್ಡಿಲ್ಲ, ಕೊರೀರಿ. ಮಳೆಗಾಲದಲ್ಲಿ ಸೋರಿದ್ರೆ ಆ ಸೀಟಲ್ಲಿ ನೀವೇ ಕೂತ್ಕೊಳ್ಳಿ" ಅಂದಳು ಹೆಂಡತಿ. ಕಾರವಾರದ ಜೂನ್ ತಿಂಗಳು ಕಂಡವನು ಈ ಮಾತಿಗೆ ಎದುರಾಡುವುದಿಲ್ಲ.

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರವಾನಗಿ ಇದೆ, ಕೈಯಲ್ಲಿ ಹಿಡಿದು ಮಾತಾಡುವ 5 ವ್ಯಾಟಿನ ಸೆಟ್ಟೂ ಇದೆ. ಆದರೆ ಅದರ ಗೇಣುದ್ದದ ರಬ್ಬರ್ ಆಂಟೆನಾ ವ್ಯಾನಿನೊಳಗೆ ಕೂತರೆ ಡಬ್ಬದೊಳಗೆ ಬಾಯಿ ಹಾಕಿ ಕೂಗಿದ ಹಾಗೆ. ಹೋದ ವರ್ಷ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿಯಿತು. ತಿಂಗಳು ತುಂಬುವುದರೊಳಗೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ರೇಡಿಯೋದಲ್ಲಿ ನನ್ನ ಜೊತೆ ಮಾತಾಡುವ ಗೆಳೆಯ ಇರುವುದು ಸದಾಶಿವಗಡದಲ್ಲಿ, ನದಿಯ ಆಚೆ ದಡದಲ್ಲಿ. ಗಾಡಿಗೆ ಒಂದು ಸರಿಯಾದ ಆಂಟೆನಾ ಬೇಕು ಅನ್ನುವುದು ಆವತ್ತಿನಿಂದ ತಲೆಯಲ್ಲಿ ಕೂತದ್ದು. ಕೆಲಸಕ್ಕೆ ಕೈಹಾಕಲು ಮಾತ್ರ ಹದಿನೈದು ತಿಂಗಳು ಬೇಕಾಯಿತು.

ಯಾಗಿ ಆಂಟೆನಾ ನನಗೆ ಮಾಡಲು ಬರುತ್ತದೆ, ಆದರೆ ಗಾಡಿಗೆ ಅದು ಆಗದು. ಅದು ಮುಖ ಮಾಡಿದ ಕಡೆ ಮಾತ್ರ ನೋಡುತ್ತದೆ, ಗಾಡಿಯೋ ಪ್ರತಿ ತಿರುವಿಗೂ ಮುಖ ತಿರುಗಿಸುತ್ತದೆ. ಬೇಕಾದದ್ದು ಸುತ್ತಲೂ ಒಂದೇ ಸಮ ಹರಡುವ, ನೆಟ್ಟಗೆ ನಿಂತ ಕಡ್ಡಿ. ಎಫ್‌ಎಂನಲ್ಲಿ ಮಾತಾಡುವ ಹ್ಯಾಮ್‌ಗಳ ಆಂಟೆನಾಗಳೆಲ್ಲ ನೆಟ್ಟಗೇ ಇರುತ್ತವೆ. ನಾನೊಬ್ಬ ಅಡ್ಡ ಮಲಗಿಸಿದರೆ ಸಿಗ್ನಲ್ ನೂರಕ್ಕೊಂದು ಪಾಲಿಗೆ ಇಳಿದರೂ ಇಳಿಯಿತೇ.

ಲೆಕ್ಕ ಸಣ್ಣದು. ನಮ್ಮಲ್ಲಿ ಹವ್ಯಾಸಿಗಳಿಗೆ 144ರಿಂದ 146 ಮೆಗಾಹರ್ಟ್ಸ್. ನಡುವಿನ 145 ಹಿಡಿದರೆ ಅಲೆಯ ಉದ್ದ 207 ಸೆಂಟಿಮೀಟರ್, ಕಡ್ಡಿ ಅದರ ಕಾಲುಭಾಗ ಇರಬೇಕು, 51.7. ಕಡ್ಡಿಗೆ ದಪ್ಪ ಇರುವುದರಿಂದ ಶೇಕಡಾ 5 ಕಳೆಯಬೇಕು, 49 ಉಳಿಯುತ್ತದೆ. ಗ್ಯಾಸ್ ವೆಲ್ಡಿಂಗಿನವನ ಹತ್ತಿರ 3 ಮಿಲಿಮೀಟರಿನ ಹಿತ್ತಾಳೆ ಕಡ್ಡಿ ತಂದು 52ಕ್ಕೆ ಕತ್ತರಿಸಿದೆ. ಉದ್ದ ಇದ್ದರೆ ಕತ್ತರಿಸಬಹುದು. ಹಳೆ ಸ್ಪೀಕರುಗಳಿಂದ ಬಿಚ್ಚಿದ ಮೂರು ಆಯಸ್ಕಾಂತದ ಬಳೆಗಳ ಮೇಲೆ ಅಂಗೈಯಗಲದ ಕಬ್ಬಿಣದ ತಟ್ಟೆ, ತಟ್ಟೆಯ ನಡುವೆ ನೈಲಾನ್ ಬುಶ್, ಬುಶ್ಶಿನಲ್ಲಿ ಕಡ್ಡಿ. ಕೇಬಲ್ಲಿನ ನಡುತಂತಿ ಕಡ್ಡಿಗೆ, ಹೆಣೆದ ಹೊರತಂತಿ ತಟ್ಟೆಗೆ. ತುದಿ ಯಾರ ಕಣ್ಣಿಗೂ ಚುಚ್ಚದಿರಲಿ ಎಂದು ಮಗಳ ಹರಿದ ಸರದ ಒಂದು ಮಣಿ.

ಮಾಡಿನ ಮೇಲೆ ಠಪ್ ಎಂದು ಅಂಟಿತು. ಆಂಟೆನಾ ಅಳೆಯುವ ಪುಟ್ಟ ಯಂತ್ರ ನ್ಯಾನೊ ವಿಎನ್‌ಎ ಹಚ್ಚಿ ನೋಡಿದರೆ ಎಸ್‌ಡಬ್ಲ್ಯುಆರ್ (1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 3.1. ಅಂದರೆ ಕಳಿಸಿದ ಶಕ್ತಿಯಲ್ಲಿ ಕಾಲುಪಾಲು ವಾಪಸ್. ಒಂದು ಸೆಂಟಿಮೀಟರ್ ಕತ್ತರಿಸಿದೆ, ಇನ್ನೊಂದು ಕತ್ತರಿಸಿದೆ, ಲೆಕ್ಕಕ್ಕೆ ಸಿಗುವ ಹಾಗೆ ಏನೂ ಬದಲಾಗಲಿಲ್ಲ. ಕೇಬಲ್ ಹಿಡಿದರೆ ಅಂಕಿ ಒಂದು, ಬಿಟ್ಟರೆ ಇನ್ನೊಂದು. ಸೊಳ್ಳೆ ಶುರುವಾದವು, ಒಳಗೆ ಬಂದೆ.

ರವಿವಾರ, 16 ನವೆಂಬರ್

ಬೆಳಿಗ್ಗೆ ಚಹಾ ಕುಡಿಯುವಾಗ ಹೊಳೆಯಿತು. ಕೇಬಲ್ ಮುಟ್ಟಿದರೆ ಅಂಕಿ ಬದಲಾಗುತ್ತದೆ ಅಂದರೆ ಕೇಬಲ್ಲೇ ಆಂಟೆನಾದ ಭಾಗವಾಗಿದೆ. ಯಾಕೆ? ಅಲೆಯ ಕಾಲುಭಾಗದ ಈ ಕಡ್ಡಿ, ಕಾಲಲೆ ಕಡ್ಡಿ, ಅರ್ಧ ಆಂಟೆನಾ ಅಷ್ಟೇ, ಇನ್ನರ್ಧ ವ್ಯಾನಿನ ಮಾಡು. ಆ ಮಾಡಿಗೂ ನನ್ನ ತಟ್ಟೆಗೂ ಸಂಬಂಧವೇ ಇರಲಿಲ್ಲ. ಸ್ಪೀಕರಿನ ಆಯಸ್ಕಾಂತ ನೋಡಲು ಲೋಹದ ಹಾಗೆ ಕಪ್ಪಗೆ ಭಾರವಾಗಿದ್ದರೂ ಅದು ಫೆರೈಟು, ಒಂದು ನಮೂನೆ ಸುಟ್ಟ ಹೆಂಚು. ಕರೆಂಟು ಹರಿಯುವುದಿಲ್ಲ.

ಸಂಬಂಧ ಕೂಡಿಸಲು ಮಾಡಿನ ಬಣ್ಣ ಕೆರೆಯುವ ಮಾತೇ ಬೇಡ, ಈ ಉಪ್ಪುಗಾಳಿಯಲ್ಲಿ ದೀಪಾವಳಿಯಿಂದ ಯುಗಾದಿಯೊಳಗೆ ಅಲ್ಲೊಂದು ತೂತು ತಾನಾಗಿ ಬಿದ್ದೀತು. ಕೆರೆಯುವ ಅಗತ್ಯವೂ ಇಲ್ಲ. ಎರಡು ಲೋಹದ ಹಾಳೆಗಳ ನಡುವೆ ಬಣ್ಣದಷ್ಟು ತೆಳುವಾದ ಪದರ ಇದ್ದರೆ ಅದು ಕೆಪಾಸಿಟರ್, ಈ ತರಂಗಾಂತರಕ್ಕೆ ತೆರೆದ ಬಾಗಿಲು. ನನ್ನ ಚಿಕ್ಕ ತಟ್ಟೆ ಮಾಡಿನಿಂದ ಒಂದು ಸೆಂಟಿಮೀಟರ್ ಮೇಲಿತ್ತು. ಹೆಚ್ಚುಕಡಿಮೆ ಹತ್ತು ಪಿಕೊಫ್ಯಾರಡ್, ಅಂದರೆ 145 ಮೆಗಾಹರ್ಟ್ಸ್‌ಗೆ 110 ಓಮ್ ಅಡ್ಡಿ. ಹಾಳೆ ದೊಡ್ಡದಾಗಿ ಮಾಡಿಗೆ ತಾಗಿ ಕೂತರೆ ಅದೇ ಅಡ್ಡಿ ಒಂದು ಓಮ್‌ನ ಆಸುಪಾಸಿಗೆ ಇಳಿಯುತ್ತದೆ.

ಅಡಿಗೆಮನೆ ಹಿಂದೆ 15 ಕಿಲೋದ ಖಾಲಿ ಎಣ್ಣೆ ಡಬ್ಬ ಇತ್ತು. ಅದರ ಒಂದು ಮಗ್ಗುಲು ಬಿಡಿಸಿ 20 ಸೆಂಟಿಮೀಟರ್ ಚೌಕ ಕತ್ತರಿಸಿದೆ, ಅಡಿಗೆ ಒಂದು ಪದರ ಇನ್ಸುಲೇಶನ್ ಟೇಪ್ ಹಚ್ಚಿದೆ, ಮಾಡಿನ ನಟ್ಟನಡುವೆ ಇಟ್ಟು ಮೇಲೆ ಆಯಸ್ಕಾಂತ. ತಟ್ಟೆಯಿಂದ ತಗಡಿಗೆ ನಾಲ್ಕು ಮೂಲೆಯಲ್ಲಿ ಗಿಡ್ಡ ತಾಮ್ರದ ಪಟ್ಟಿ ಬೆಸುಗೆ. ಡಬ್ಬದ ತಗಡಿಗೆ ತವರದ ಲೇಪ ಇರುವುದರಿಂದ ಬೆಸುಗೆ ಬೆಣ್ಣೆ ಹಚ್ಚಿದ ಹಾಗೆ ಹಿಡಿಯಿತು. ಕತ್ತರಿಸಿದ ಅಂಚಿಗೆ ತವರ ಇರುವುದಿಲ್ಲ, ತುಕ್ಕು ಅಲ್ಲಿಂದಲೇ. ಉಗುರುಬಣ್ಣ ಹಚ್ಚಿದೆ, ಕೇಳದೆ ತಂದದ್ದು.

ಈಗ ಪರದೆಯ ಗೆರೆ 142 ಮೆಗಾಹರ್ಟ್ಸ್‌ನಲ್ಲಿ ಚೊಕ್ಕವಾಗಿ ಇಳಿಯಿತು, ಅಂದರೆ ಕಡ್ಡಿ ಅಲ್ಲಿಗೆ ಶ್ರುತಿಯಾಗಿದೆ! ಕಡ್ಡಿ 50 ಸೆಂಟಿಮೀಟರ್ ಉಳಿದಿತ್ತಲ್ಲ, ಲೆಕ್ಕ ಹೇಳಿದ್ದೂ 142. ಒಂದು ಸೆಂಟಿಮೀಟರ್ ತೆಗೆದೆ, 145ಕ್ಕೆ ಬಂದು ನಿಂತಿತು. ಎಸ್‌ಡಬ್ಲ್ಯುಆರ್ 1.4. ಅದಕ್ಕಿಂತ ಕೆಳಗೆ ಇಳಿಸಲು ಒದ್ದಾಡಲಿಲ್ಲ. ಚಪ್ಪಟೆ ತಗಡಿನ ಮೇಲೆ ಕಾಲಲೆ ಕಡ್ಡಿಯ ರೋಧ 36 ಓಮ್ ಇರುತ್ತದೆ, ಕೇಬಲ್ 50 ಓಮ್‌ನದು. ವಾಪಸ್ ಬರುವುದು ನೂರಕ್ಕೆ ಮೂರೂ ಇಲ್ಲ. ಕೇಬಲ್ ಗಟ್ಟಿ ಹಿಡಿದೆ, ಎಳೆದೆ. ಅಂಕಿ ಅಲುಗಲಿಲ್ಲ.

ಸಂಜೆ ಟ್ಯಾಗೋರ್ ಕಡಲತೀರದ ಹತ್ತಿರ ಖಾಲಿ ಜಾಗದಲ್ಲಿ ವ್ಯಾನನ್ನು ಎಂಟು ದಿಕ್ಕಿಗೂ ತಿರುಗಿಸಿ ನಿಲ್ಲಿಸಿದೆ. ಗೆಳೆಯ ಸದಾಶಿವಗಡದಿಂದ ಮೀಟರ್ ಓದಿದ. ಎಂಟರಲ್ಲೂ ಹೆಚ್ಚುಕಡಿಮೆ ಒಂದೇ. ಆಮೇಲೆ ಕುತೂಹಲಕ್ಕೆ ಇಡೀ ಆಂಟೆನಾ ಸಂಸಾರವನ್ನು ಮಾಡಿನ ಹಿಂದಿನ ಎಡಮೂಲೆಗೆ ಸರಿಸಿ ಮತ್ತೆ ಸುತ್ತಿದೆ. ಮುಂದಿನ ಬಲಮೂಲೆ, ಅಂದರೆ ಮಾಡಿನ ತಗಡು ಹೆಚ್ಚು ಚಾಚಿದ ದಿಕ್ಕು, ಅವನ ಕಡೆ ಇದ್ದಾಗ ಜೋರು, ತಿರುಗಿಸಿದರೆ ಎರಡು ಗೆರೆ ಕಡಿಮೆ. ಕಡಲೆ ಮಾರುವವನು ನನ್ನ ಆಟ ನೋಡಿ "ಡ್ರೈವಿಂಗ್ ಕಲೀತಿದ್ರಾ?" ಎಂದು ಕೇಳಿದ.

ಶನಿವಾರ, 22 ನವೆಂಬರ್

ಅಂಕೋಲೆಗೆ ಹೋಗಿಬಂದೆ. ಊರು ಬಿಡುವವರೆಗೆ ಗೆಳೆಯನ ದನಿ ಪಕ್ಕದ ಸೀಟಿನಲ್ಲಿ ಕೂತಂತಿತ್ತು. ಬಿಣಗಾ ಕಡೆಯ ಸುರಂಗದೊಳಗೆ ಹೊಕ್ಕಿದ್ದೇ ಕತ್ತರಿಸಿಹೋಯಿತು, ಆಚೆ ಬಂದರೆ ನಡುವೆ ಗುಡ್ಡ. ಚೂರುಪಾರು ಕೇಳಿದ್ದೂ ಬೇಲಿಯ ಸಂದಿಯಿಂದ ನೋಡಿದ ಹಾಗೆ ಪಟಪಟ ಹೊಡೆದುಕೊಂಡಿತು. ಗುಡ್ಡಕ್ಕೆ ಬಡಿದು ಬಂದ ಅಲೆಗಳು ಮೀಟರಿಗೊಮ್ಮೆ ಒಂದನ್ನೊಂದು ನುಂಗುತ್ತವೆ, 60ರ ವೇಗದಲ್ಲಿ ಸೆಕೆಂಡಿಗೆ ಹದಿನಾರು ಸಲ. ಅರಗಾದಲ್ಲಿ ನೌಕಾನೆಲೆಯ ಗೋಡೆ ಶುರುವಾಗುವ ಮೊದಲೇ ಸೆಟ್ ಬಂದ್ ಮಾಡಿ ಡ್ಯಾಶ್‌ಬೋರ್ಡಿನೊಳಗೆ ಹಾಕಿದೆ. ಅಲ್ಲಿ ಯಾರಿಗೂ ವಿವರಣೆ ಕೊಡುವ ಹುಮ್ಮಸ್ಸು ನನಗಿಲ್ಲ.

ವಾಪಸ್ ಬರುವಾಗ ಬೈತಖೋಲದಲ್ಲಿ ಮೀನಿಗೆ ನಿಂತೆ. ಪರಿಚಯದ ಬೋಟಿನವನು ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಮಣಿ ಮುಟ್ಟಿ ನೋಡಿ, ತನ್ನ ಬೋಟಿನ ಸೆಟ್ಟಿಗೂ ಕಷ್ಟಕಾಲಕ್ಕೊಂದು ಹೆಚ್ಚಿನದು ಮಾಡಿಕೊಡು ಅಂದ. ಆಪತ್ತಿನಲ್ಲಿ ಕರೆಯುವ ಅವರ 16ನೇ ಚಾನಲ್ 156.8 ಮೆಗಾಹರ್ಟ್ಸ್, ಕಡ್ಡಿ 45 ಸೆಂಟಿಮೀಟರ್ ಸಾಕು, ಅರ್ಧ ದಿನದ ಕೆಲಸ ಎಂದು ಜಂಬದಲ್ಲಿ ಹೇಳಿಬಿಟ್ಟೆ.

"ನಮ್ದು ಫೈಬರ್ ಬೋಟು. ಆಯಸ್ಕಾಂತ ಎಲ್ಲಿ ಅಂಟ್ತದೆ?"

ಅಂಟುವುದು ಹಾಗಿರಲಿ, ಅಲ್ಲಿ ಮಾಡೇ ಇಲ್ಲ. ಕಡ್ಡಿಯ ಬುಡದಿಂದ ಓರೆಯಾಗಿ ಕೆಳಗಿಳಿಯುವ ನಾಲ್ಕು ಕಡ್ಡಿ ಕೊಟ್ಟು ಮಾಡನ್ನೂ ನಾನೇ ಕಟ್ಟಬೇಕು. ಬಂಗಡೆ ಚೀಲ ಅಡಿಗೆಮನೆಗೆ ಕೊಟ್ಟು ಅಟ್ಟ ಹತ್ತಿದ್ದೇನೆ. ಮುರಿದ ಛತ್ರಿ ಎರಡು ಸಿಕ್ಕಿವೆ.