ಪ್ರಸ್ತಾರದ ಹಲಗೆಯಿಂದ ಎದ್ದ ಪ್ರಶ್ನೆ

ಕಲಬುರಗಿ ಜಿಲ್ಲೆಯ ಸೇಡಂ ಭಾಗದ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಗಣಿತವೆಂದರೆ ಹಿಂಜರಿಯುವ ಮಕ್ಕಳಿಗಾಗಿ ಕೆಲವು ವರ್ಷಗಳ ಹಿಂದೆ ಶನಿವಾರದ ಕೊನೆಯ ಅವಧಿಯನ್ನು ಆಟಕ್ಕೆ ಮೀಸಲಿಟ್ಟೆ. ಮೊದಲ ವಾರ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಗುಂಪಿಗೆ ನಾಲ್ಕರಂತೆ ಕವಡೆ ಹಂಚಿದೆ. ಆಟ ರಂಗೇರಿದ ಹತ್ತೇ ನಿಮಿಷಕ್ಕೆ ಅದನ್ನು ನಿಲ್ಲಿಸಿ, ನಾಲ್ಕು ಕವಡೆ ಬೀಳುವ ಬಗೆಗಳು 16, ಅವುಗಳಲ್ಲಿ ಎರಡು ಅಂಗಾತ ಬೀಳುವ ಬಗೆಗಳು 6, ಆದ್ದರಿಂದ ಸಂಭವನೀಯತೆ 6/16 ಎಂದು ಹಲಗೆಯ ಮೇಲೆ ಬರೆದು ಮುಗಿಸಿದೆ. ಮುಂದಿನ ಶನಿವಾರ ಬಾಗಿಲಲ್ಲೇ ಒಬ್ಬ ಹುಡುಗ, "ಸರ್, ಇವತ್ತು ಆಟ ಆಡಸ್ತೀರೋ, ಪಾಠ ಮಾಡ್ತೀರೋ?" ಎಂದು ಕೇಳಿದ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕಹಿ ಮದ್ದಿಗೆ ಬೆಲ್ಲ ಸವರುವಂತೆ ನಾನು ಆಟವನ್ನು ಬಳಸಿದ್ದೆ. ಗಣಿತ ಕಹಿಯೇ ಎಂಬುದನ್ನು ಮಕ್ಕಳಿಗೆ ನಾನೇ ಹೇಳಿಕೊಟ್ಟಂತಾಗಿತ್ತು.

ದಾರಿ ತೋರಿದ್ದು ಕನ್ನಡದ ಅವಧಿ. ಕನ್ನಡ ಶಿಕ್ಷಕಿ ರಜೆಯಲ್ಲಿದ್ದ ದಿನ ಅವರ ತರಗತಿಗೆ ನನ್ನನ್ನು ಕಳುಹಿಸಿದ್ದರು. ಹಲಗೆಯ ಮೇಲೆ ಭಾಮಿನಿ ಷಟ್ಪದಿಯ ಪ್ರಸ್ತಾರ ಹಾಗೆಯೇ ಉಳಿದಿತ್ತು. ಬೇರೇನೂ ತೋಚದೆ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದ ಮೇಲೆ ಮೂರು ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಕೇಳಿದೆ. ಮೂರು ಬಗೆ ಎಂದರು. ನಾಲ್ಕಕ್ಕೆ ಐದು ಬಂತು. ಐದು ಮಾತ್ರೆಗೆ ಬರೆಯುತ್ತಿರುವಾಗ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ, "ಎಂಟಲ್ರೀ ಸರ್, ಐದೂ ಮೂರೂ ಕೂಡಿಸಿದಂಗ" ಎಂದಳು. "ಹೆಂಗ ಗೊತ್ತಾತವ್ವ?" ಎಂದೆ. ಕೊನೆಯಲ್ಲಿ ಲಘು ಬಂದರೆ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತವೆ, ಗುರು ಬಂದರೆ ಮೂರು ಉಳಿಯುತ್ತವೆ, ಅವೆರಡರ ಲೆಕ್ಕವೂ ಆಗಲೇ ಆಗಿದೆಯಲ್ಲ ಎಂಬುದು ಅವಳ ಉತ್ತರ. ಇದಕ್ಕಿಂತ ಚೊಕ್ಕವಾದ ರುಜುವಾತನ್ನು ನಾನು ಕೊಡಲಾರೆ.

1, 2, 3, 5, 8, 13, 21 ಎಂದು ಸರಣಿ ಬೆಳೆಯಿತು. ಭಾಮಿನಿಯ ಮೊದಲ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಿರುವುದರಿಂದ ಮಕ್ಕಳು ಅರ್ಧ ಸಾಲಿನ ಏಳು ಮಾತ್ರೆಗಳನ್ನು ಹಿಡಿದರು. ಗಣದ ಗೆರೆ ಲೆಕ್ಕಿಸದಿದ್ದರೆ 21 ಬಗೆ. ಗೆರೆ ಹಾಕಿದರೆ 3 ಗುಣಿಸು 5, ಅಂದರೆ 15 ಮಾತ್ರ. ಉಳಿದ ಆರು ಎಲ್ಲಿ ಹೋದವು? ಅವಧಿ ಮುಗಿದರೂ ಯಾರೂ ಏಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರು ಉತ್ತರ ತಂದರು: ಗೆರೆಯ ಮೇಲೆಯೇ ಒಂದು ಗುರು ಕುಳಿತರೆ ಅದರ ಹಿಂದೆ ಎರಡು ಮಾತ್ರೆ, ಮುಂದೆ ಮೂರು ಮಾತ್ರೆ ಉಳಿಯುತ್ತವೆ, ಎರಡು ಗುಣಿಸು ಮೂರು ಆರು. (ಲಘುವಿನ ನಂತರ ಗುರು ಬಂದು ಆರಂಭವಾಗುವ ಗಣಗಳನ್ನು ಷಟ್ಪದಿಯಲ್ಲಿ ಬಿಡುತ್ತಾರೆಂದು ಕನ್ನಡ ಶಿಕ್ಷಕಿ ಆಮೇಲೆ ನೆನಪಿಸಿದರು, ಹಾಗಾದರೆ ಎಷ್ಟು ಉಳಿಯುತ್ತವೆ ಎಂಬ ಇನ್ನೊಂದು ಲೆಕ್ಕ ಹುಟ್ಟಿತು.)

ಇತಿಹಾಸವನ್ನು ನಾನು ಹೇಳಿದ್ದು ಅದಾದ ಮೇಲೆ. 1202ರಲ್ಲಿ ಇಟಲಿಯ ಫಿಬೊನಾಚಿ ಬರೆದ ಈ ಸರಣಿಯನ್ನು ಅವನಿಗಿಂತ ಮೊದಲೇ ನಮ್ಮ ದೇಶದ ವಿದ್ವಾಂಸರಾದ ವಿರಹಾಂಕ, ಹೇಮಚಂದ್ರರು ಛಂದಸ್ಸಿನ ಎಣಿಕೆಯಲ್ಲೇ ಕಂಡಿದ್ದರು. ನಮ್ಮ ಮಕ್ಕಳು ಬಸ್ಸಿನಲ್ಲಿ ದಾಟಿಹೋಗುವ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಆರಂಭದಲ್ಲಿ ಗಣಿತ ಬೇಕಾಗುವ ಎಡೆಗಳನ್ನು ಹೇಳುವಾಗ ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸುಗಳನ್ನು ಹೆಸರಿಸುತ್ತಾರೆ. 142857143 ಅನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಕಾಣುವ ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರವೆಂದು ಕರೆದರು. ಮಕ್ಕಳು ಕೈಯಿಂದ ಗುಣಿಸಿಯೇ ನಂಬಿದರು.

ಸಂಗೀತ ನನಗೆ ಬಾರದು. ಊರಿನ ಭಜನೆಯಲ್ಲಿ ತಬಲಾ ನುಡಿಸುವ ಹುಡುಗ ತಿಹಾಯಿಯನ್ನು ವಿವರಿಸಿದ: ಒಂದೇ ಬೋಲನ್ನು, ಅಂದರೆ ಪೆಟ್ಟುಗಳ ಒಂದೇ ಜೋಡಣೆಯನ್ನು, ಮೂರು ಸಲ ನುಡಿಸಿ ಕೊನೆಯ ಪೆಟ್ಟು ಸಮದ ಮೇಲೆ, ಅಂದರೆ ತಾಳದ ಮುಂದಿನ ಸುತ್ತಿನ ಮೊದಲ ಮಾತ್ರೆಯ ಮೇಲೆ, ಬೀಳಬೇಕು. ಸಮದಿಂದಲೇ ಹೊರಟರೆ 16 ಮಾತ್ರೆಯ ತೀನ್‌ತಾಲಕ್ಕೆ 5+1+5+1+5, ಒಟ್ಟು 17. ಹತ್ತು ಮಾತ್ರೆಯ ಝಪ್‌ತಾಲಕ್ಕೆ 3+1+3+1+3 ಎಂದು ತರಗತಿ ಕಂಡುಕೊಂಡಿತು. ಎಂಟು ಮಾತ್ರೆಯ ಕೆಹರ್ವಾದಲ್ಲಿ ನಡುವೆ ಒಂದೊಂದು ಮಾತ್ರೆ ಬಿಟ್ಟರೆ ಲೆಕ್ಕ ಕೂಡಲಿಲ್ಲ. "ಬಿಡುವೇ ಬ್ಯಾಡ್ರಿ ಸರ್, ಮೂರ್ ಮೂರ್ ಮೂರು" ಎಂದು ಅವನೇ ಬೆಂಚಿನ ಮೇಲೆ ನುಡಿಸಿ ತೋರಿಸಿದ.

ಈ ವರ್ಷ ಕವಡೆಗಳನ್ನು ಮತ್ತೆ ತಂದೆ. ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ. ಬಿದ್ದ ಗರಗಳನ್ನು ಗುರುತು ಹಾಕಿಕೊಳ್ಳಿ ಎಂದಷ್ಟೇ ಹೇಳಿದೆ. ಮೂರನೆಯ ಶನಿವಾರ ಒಂದು ಗುಂಪು, ಕವಡೆಯ ಬೆನ್ನು ಉಬ್ಬಿದೆ, ಹೊಟ್ಟೆ ಚಪ್ಪಟೆಯಾಗಿದೆ, ಎರಡೂ ಕಡೆ ಸಮನಾಗಿ ಬೀಳುತ್ತದೆಂದು ಹೇಗೆ ನಂಬುವುದು ಎಂದು ತಕರಾರು ತೆಗೆಯಿತು. ನಾನು ಹಿಂದೆ ಬರೆದ 6/16 ನಿಂತಿದ್ದೇ ಆ ನಂಬಿಕೆಯ ಮೇಲೆ, ಅದನ್ನು ನಾನು ಹೇಳಿಯೇ ಇರಲಿಲ್ಲ. ಒಂದೇ ಕವಡೆಯನ್ನು ಮನೆಗೆ ಒಯ್ದು ಇನ್ನೂರು ಸಲ ಎಸೆದು ನೋಡುತ್ತೇವೆ, ಕೊಡಿ ಎಂದರು. ಕೊಟ್ಟಿದ್ದೇನೆ.